ಮೇಷ್ಟ್ರು ಮೆಚ್ಚದ ಮೊಣಕೈ

ಸ್ಮರಣೆಯ ಸಭೆಯಲ್ಲಿ ಪ್ರತಿಯೊಬ್ಬ ಶಿಷ್ಯನೂ ಮೂರು ನಿಮಿಷ ಮಾತಾಡಬೇಕು, ಮೇಷ್ಟ್ರು ತನ್ನನ್ನು ಯಾವಾಗ, ಹೇಗೆ ಮೆಚ್ಚಿಕೊಂಡಿದ್ದರು ಅನ್ನುವುದನ್ನಷ್ಟೇ ಹೇಳಬೇಕು ಎಂದು ಸಮಿತಿ ತೀರ್ಮಾನಿಸಿತ್ತು. ಅಂದರೆ ಸತ್ತವರು ಮೇಷ್ಟ್ರು, ಹೊಗಳಿಸಿಕೊಳ್ಳುವವರು ನಾವು. ಇಂಥ ಏರ್ಪಾಡು ಹೊಳೆಯಬೇಕಾದರೆ ಅದಕ್ಕೊಂದು ವಿಶೇಷ ತಲೆ ಬೇಕು. ನಮ್ಮ ಸಮಿತಿಯಲ್ಲಿ ಅಂಥ ತಲೆ ಇದ್ದದ್ದು ಒಂದೇ, ಅದು ಮೌನಿಯದು.

ಮೌನಿ ಮೇಷ್ಟ್ರ ಚಹಾ ತರಗತಿಯ ಹಿರಿಯ ವಿದ್ಯಾರ್ಥಿ. ಮೌನ ಎಷ್ಟು ದೊಡ್ಡದು ಅನ್ನುವುದರ ಬಗ್ಗೆ ನಡುವೆ ನೀರು ಕೂಡ ಕುಡಿಯದೆ ಒಂದು ಗಂಟೆ ಮಾತಾಡಬಲ್ಲ. ಅದಕ್ಕೇ ನಾನು ಅವನಿಗೆ ಆ ಹೆಸರಿಟ್ಟದ್ದು. ಕಂಪನಿಗಳ ಮ್ಯಾನೇಜರುಗಳನ್ನು ದಿಂಬಿನ ಮೇಲೆ ಕೂರಿಸಿ, ಒಂದೊಂದು ಬಟ್ಟಲು ಹಸಿರು ಚಹಾ ಕುಡಿಸಿ, ಅವರ ಮನಸ್ಸನ್ನು ತಿಳಿಯಾದ ಕೊಳ ಮಾಡಿ ಕಳಿಸುವುದು ಅವನ ಕಸುಬು. ಸೋಮವಾರ ಬೆಳಗ್ಗೆ ಆ ಕೊಳಗಳೆಲ್ಲ ಎಂದಿನಂತೆ ಕೈಕೆಳಗಿನವರ ಮೇಲೆ ಹರಿಹಾಯುತ್ತವೆ ಎಂದು ಕೇಳಿದ್ದೇನೆ.

ಅವನು ಫೋನ್ ಮಾಡಿದಾಗ ನಾನು ಲ್ಯಾಬಿನಲ್ಲಿ ಯಾರದೋ ಕೆಳದವಡೆ ಹಿಡಿದುಕೊಂಡು ಕೂತಿದ್ದೆ. ನಾನು ಕಟ್ಟುಹಲ್ಲು ಮಾಡುವವಳು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಅದಕ್ಕೆ ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸ್ಸು ಕಳಿಸುತ್ತೇನೆ. ಈ ಊರಿನಲ್ಲಿ ವಯಸ್ಸಾದವರು ನಗುವ ನಗುವಿನಲ್ಲಿ ಅರ್ಧ ನನ್ನದೇ. ಅವರಲ್ಲಿ ಒಬ್ಬರೂ ನನ್ನನ್ನು ನೋಡಿ ನಕ್ಕವರಲ್ಲ ಅನ್ನುವುದು ಬೇರೆ ಮಾತು.

"ಮೇಷ್ಟ್ರು ನಿಮ್ಗೆ ಹೇಳಿದ ಒಂದು ಒಳ್ಳೆ ಮಾತು ಬೇಕು. ಚಿಕ್ಕದಿದ್ರೂ ಪರವಾಗಿಲ್ಲ," ಅಂದ ಮೌನಿ.

"ಇಲ್ವಲ್ಲ," ಅಂದೆ.

"ಏನಿಲ್ಲ?"

"ಒಳ್ಳೆ ಮಾತು."

ಆ ಕಡೆಯಿಂದ ಸದ್ದಿಲ್ಲ. ಅವನ ಪರಿಚಯವಾದಾಗಿನಿಂದ ನಾನು ಕೇಳಿದ ಮೊದಲ ಮೌನ ಅದು.

"ಹಾಗೆಲ್ಲ ಇರಲ್ಲ, ಸ್ವಲ್ಪ ನೆನಪು ಮಾಡ್ಕೊಳ್ಳಿ," ಅಂದ ಕೊನೆಗೆ, ಕಾಯಿಲೆಯವರನ್ನು ಮಾತಾಡಿಸುವ ದನಿಯಲ್ಲಿ. "ನನ್ಗಂತೂ ಆರಿಸೋದೇ ಕಷ್ಟ ಆಗಿದೆ. ಅಷ್ಟಿವೆ."

ಫೋನಿಟ್ಟು ಆ ದವಡೆಯನ್ನು ಅಗತ್ಯಕ್ಕಿಂತ ಜಾಸ್ತಿ ಉಜ್ಜಿದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಎಷ್ಟೋ ವರ್ಷ ಪ್ರತಿ ಗುರುವಾರ ಸಂಜೆ ಆ ಮನುಷ್ಯನ ಮುಂದೆ ಮಂಡಿಯೂರಿ ಕೂತು ಮಂಡಿ ಸವೆಸಿಕೊಂಡಿದ್ದೇನೆ. ಒಂದು ಸಲ, ಒಂದೇ ಒಂದು ಸಲ 'ಚೆನ್ನಾಗಿದೆ' ಅಂದಿದ್ದರೆ ಸಾಕಿತ್ತು. ಅನ್ನದೆಯೇ ಹೋಗಿಬಿಟ್ಟರು. ಈಗ ನಾನು ಇಡೀ ಸಭೆಯ ಮುಂದೆ ನಿಂತು, ಇಷ್ಟು ವರ್ಷ ಕಲಿತೂ ನಾನು ಯಾವುದಕ್ಕೂ ಬಾರದವಳು ಎಂದು ಮೈಕಿನಲ್ಲಿ ಒಪ್ಪಿಕೊಳ್ಳಬೇಕಿತ್ತು. ಅದಕ್ಕೆ ಮೂರು ನಿಮಿಷ ಬೇಕಾಗಿರಲಿಲ್ಲ.

ಮೇಷ್ಟ್ರು ಜಪಾನಿನವರು. ನಮ್ಮ ವಿಶ್ವವಿದ್ಯಾಲಯಕ್ಕೆ ಎರಡು ವರ್ಷದ ಮಟ್ಟಿಗೆ ಅಂತ ಬಂದವರು, ಹೋಗಲೇ ಇಲ್ಲ. 'ಜಪಾನಿನ ಪಾರಂಪರಿಕ ಕಲೆಗಳು' ಅನ್ನುವುದು ಅವರ ವಿಷಯ. ಹೂ ಜೋಡಿಸುವುದು, ಕುಂಚದಲ್ಲಿ ಬರೆಯುವುದು, ಚಹಾ ಮಾಡಿ ಕೊಡುವುದು, ಮೂರೂ ಅದರಲ್ಲಿ ಸೇರಿದ್ದವು. ಹಾಜರಿಯೊಂದಿದ್ದರೆ ಪಾಸು ಅನ್ನುವ ಸುದ್ದಿ ಹಬ್ಬಿದ್ದರಿಂದ ವಿದ್ಯಾರ್ಥಿಗಳಿಗೆ ಆ ಕಲೆಗಳ ಮೇಲೆ ಅಪಾರ ಪ್ರೀತಿ. ಸಂಜೆ ಹೊತ್ತು ಊರಿನವರಿಗೂ ತರಗತಿ ಇತ್ತು. ಹೆಂಡತಿ ಮಗಳು ಕೆಲವು ವರ್ಷ ಜೊತೆಗಿದ್ದು ಆಮೇಲೆ ವಾಪಸ್ಸು ಹೋದರು. ಮೇಷ್ಟ್ರು ಯಾಕೆ ಉಳಿದರು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೇಳಿದ್ದರೂ ಅವರು ಉತ್ತರ ಹೇಳುವ ಪೈಕಿ ಅಲ್ಲ.

ಇಷ್ಟು ದೊಡ್ಡ ವಿದ್ವಾಂಸರಿಗೆ ವಿಶ್ವವಿದ್ಯಾಲಯ ತಕ್ಕ ಜಾಗವನ್ನೇ ಕೊಟ್ಟಿತ್ತು: ನೆಲಮಾಳಿಗೆಯಲ್ಲಿ, ನೀರಿನ ಪಂಪಿನ ಕೋಣೆಯ ಪಕ್ಕ. ಮೇಷ್ಟ್ರು ಅಲ್ಲಿಗೆ ಹುಲ್ಲಿನ ಚಾಪೆಗಳನ್ನು ತರಿಸಿ ಹಾಸಿದರು. ಗ್ರಂಥಾಲಯದವರು ಎಸೆದ ಬೀರುವಿನ ಬಾಗಿಲುಗಳನ್ನು ಸರಿಯುವ ಬಾಗಿಲು ಮಾಡಿಕೊಂಡರು. ಗೋಡೆಯಲ್ಲಿ ಒಂದು ಗೂಡು, ಅದರಲ್ಲಿ ಒಂದು ಹೂವು, ಮೂಲೆಯಲ್ಲಿ ಕಬ್ಬಿಣದ ಕೆಟಲು. ಕೆಟಲಿನಲ್ಲಿ ನೀರು ಕುದಿಯುವ ಸಣ್ಣ ಸದ್ದನ್ನು ಕಿವಿಗೊಟ್ಟು ಕೇಳಬೇಕು ಅಂತ ಅವರು ಹೇಳಿಕೊಡುವ ಹೊತ್ತಿಗೆ ಸರಿಯಾಗಿ ಪಕ್ಕದಲ್ಲಿ ಪಂಪು ಶುರುವಾಗುತ್ತಿತ್ತು. ಮೇಷ್ಟ್ರ ಹುಬ್ಬು ಕೂಡ ಅಲುಗುತ್ತಿರಲಿಲ್ಲ.

ನಾನು ಅಲ್ಲಿಗೆ ಹೋದದ್ದು ಕಲೆಯ ಮೇಲಿನ ಆಸೆಯಿಂದಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ. ಒಂದು ದಿನ ದಂತವೈದ್ಯರೊಬ್ಬರು ತಾವೇ ಕೊಟ್ಟ ತಪ್ಪು ಅಳತೆಗೆ ನನ್ನನ್ನು ಬೈದದ್ದಕ್ಕೆ, ಅವರ ಕಡೆಯವನು ನಿಂತಿದ್ದ ಬಾಗಿಲಿಗೆ ಪ್ಲಾಸ್ಟರಿನ ದವಡೆಯೊಂದನ್ನು ಬೀಸಿ ಒಗೆದೆ. ಗುರಿ ತಪ್ಪಿತು ಅನ್ನುವುದೇ ಸಮಾಧಾನ, ಯಾರಿಗೆ ಎಂದು ಹೇಳಲಾರೆ. ಸುದ್ದಿ ಮನೆ ಮುಟ್ಟಿತು. ನನ್ನ ಗಂಡ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವರು. ದಿನಕ್ಕೆ ಹತ್ತು ಸಲ ಸಾವಿನ ದವಡೆಯಿಂದ ಪಾರಾಗಿ ಬರುವುದರಿಂದ ಅವರಿಗೆ ಯಾವುದೂ ದೊಡ್ಡದಲ್ಲ. 'ಚಹಾದ ಮೂಲಕ ಶಾಂತಿ' ಎಂದು ಬರೆದ ಕರಪತ್ರವೊಂದನ್ನು ಎಲ್ಲಿಂದಲೋ ತಂದು, ನನ್ನನ್ನು ಕೇಳದೆ ನನ್ನ ಹೆಸರು ಕೊಟ್ಟು ಬಂದಿದ್ದರು.

ಮೊದಲ ಗುರುವಾರ ಎಲ್ಲರೂ ಸಾಲಾಗಿ ಕೂತೆವು. ಒಬ್ಬೊಬ್ಬರೇ ಮುಂದೆ ಹೋಗಿ, ಬಿದಿರಿನ ಸೌಟಿನಲ್ಲಿ ಕೆಟಲಿನಿಂದ ಬಿಸಿನೀರು ತೆಗೆದು ಬಟ್ಟಲಿಗೆ ಸುರಿಯಬೇಕು. ಇಷ್ಟೇ. ಮೌನಿ ಚಾಪೆಯ ಅಂಚನ್ನು ತುಳಿದುಕೊಂಡು ಹೋದ. ಅಂಚು ತುಳಿಯಬಾರದು ಎಂದು ಮೇಷ್ಟ್ರು ಆಗಷ್ಟೇ ಹೇಳಿದ್ದರು. ಸೌಟಿನಿಂದ ಅರ್ಧ ನೀರನ್ನು ಚಾಪೆಗೇ ಕುಡಿಸಿದ. ಮೇಷ್ಟ್ರು ನೆಲ ಮುಟ್ಟುವಷ್ಟು ಬಾಗಿ, "ತುಂಬಾ ಚೆನ್ನಾಗಿದೆ," ಅಂದರು.

ಇಷ್ಟಕ್ಕೇ ತುಂಬಾ ಚೆನ್ನಾಗಿದ್ದರೆ ನನ್ನದಕ್ಕೆ ಏನಂದಾರು ಎಂದು ಹುರುಪಿನಲ್ಲಿ ಹೋದೆ. ಅಂಚು ತುಳಿಯಲಿಲ್ಲ. ಒಂದು ಹನಿ ಚೆಲ್ಲಲಿಲ್ಲ. ಸೌಟನ್ನು ಕೆಟಲಿನ ಬಾಯಿಯ ಮೇಲೆ ಸದ್ದಿಲ್ಲದೆ ಇಟ್ಟು ತಲೆ ಎತ್ತಿದೆ.

"ಮೊಣಕೈ," ಅಂದರು ಮೇಷ್ಟ್ರು. ಬಾಗಲೂ ಇಲ್ಲ. "ಮತ್ತೆ."

ಮತ್ತೆ ಮಾಡಿದೆ. "ಮೊಣಕೈ. ಮತ್ತೆ." ಆ ಸಂಜೆ ಉಳಿದವರೆಲ್ಲ ಚಹಾ ಕುಡಿದು, ಸಿಹಿ ತಿಂದು, ಶಾಂತರಾಗಿ ಮನೆಗೆ ಹೋದರು. ನಾನು ನೀರು ಸುರಿಯುತ್ತಲೇ ಇದ್ದೆ.

ನನ್ನ ಮೊಣಕೈ ಮೇಲೇಳುತ್ತದೆ, ನಿಜ. ದಿನವಿಡೀ ಕೆಲಸದ ಮೇಜಿನ ಮೇಲೆ ಎರಡೂ ತೋಳು ಎತ್ತಿ ಹಿಡಿದು, ಸಣ್ಣ ಮೋಟಾರಿನಲ್ಲಿ ಹಲ್ಲು ಕೊರೆಯುವವಳಿಗೆ ಅದು ಇನ್ನೆಲ್ಲಿರಬೇಕು? ಮೇಷ್ಟ್ರಿಗೆ ಹೇಳಿದೆ. ಅವರು ನನ್ನ ಕಂಕುಳ ಕಡೆ ಬೆರಳು ತೋರಿಸಿ, "ಮೊಟ್ಟೆ," ಅಂದರು. ಕಂಕುಳಲ್ಲಿ ಒಂದೊಂದು ಮೊಟ್ಟೆ ಇದೆ ಅಂದುಕೊಳ್ಳಬೇಕಂತೆ. ತೋಳು ಎತ್ತಿದರೆ ಬಿದ್ದೀತು, ಒತ್ತಿದರೆ ಒಡೆದೀತು. ನನಗೆ ಅಂದುಕೊಳ್ಳುವುದೆಲ್ಲ ಬರುವುದಿಲ್ಲ. ಮನೆಗೆ ಹೋಗಿ ನಿಜವಾದ ಮೊಟ್ಟೆಗಳನ್ನೇ ಇಟ್ಟುಕೊಂಡು ಅಡುಗೆಮನೆಯಲ್ಲಿ ಅಭ್ಯಾಸಕ್ಕೆ ಕೂತೆ. ಎರಡನೆಯ ಸೌಟಿಗೇ ಎಡಗಡೆಯದು ಒಡೆದು ಸೊಂಟದವರೆಗೆ ಇಳಿಯಿತು.

ನೀರು ಕುಡಿಯಲು ಒಳಗೆ ಬಂದ ನನ್ನವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಶಾಂತಿ ಸಿಕ್ತಾ?" ಅಂತ ಕೇಳಿದರು.

ಆಮೇಲಿನ ವರ್ಷಗಳಲ್ಲಿ ನಾನು ಬಟ್ಟಲು ಒರೆಸುವುದು ಕಲಿತೆ, ಒರೆಸುವ ರೇಷ್ಮೆ ಚೌಕ ಮಡಿಸುವುದು ಕಲಿತೆ, ಬಿದಿರಿನ ಕಡೆಗೋಲಿನಲ್ಲಿ ಚಹಾದ ಪುಡಿ ಕಡೆದು ನೊರೆ ತರುವುದು ಕಲಿತೆ. ಎಲ್ಲದರ ಕೊನೆಗೂ ಬರುತ್ತಿದ್ದದ್ದು ಅದೇ ಒಂದು ಮಾತು. ಒಮ್ಮೆ ಅವರ ನಾಡಿನ ನಿಲುವಂಗಿ ತೊಟ್ಟು ಹೋದೆ. ಅದರಲ್ಲಿ ಎಡಗಡೆಯ ಅಂಚು ಮೇಲೆ ಬರಬೇಕು, ಬಲಗಡೆಯದು ಮೇಲೆ ಬಂದರೆ ಅದು ಹೆಣಕ್ಕೆ ತೊಡಿಸುವ ರೀತಿ. ನನಗೇನು ಗೊತ್ತು, ಬಲದ್ದನ್ನು ಮೇಲೆ ಹಾಕಿದ್ದೆ. "ನೀನು ಇನ್ನೂ ಸತ್ತಿಲ್ಲ," ಎಂದು ನನ್ನನ್ನು ಬಾಗಿಲಿನಿಂದಲೇ ವಾಪಸ್ಸು ಅಟ್ಟಿದರು. ಸರಿಪಡಿಸಿಕೊಂಡು ಒಳಗೆ ಬಂದರೆ, ಮೌನಿಯೂ ಅದೇ ಹೆಣದ ರೀತಿಯಲ್ಲೇ ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ವಿರಾಜಮಾನನಾಗಿದ್ದಾನೆ. ಮೇಷ್ಟ್ರು ಅವನನ್ನು ನೋಡಿ ಬಾಗಿ, "ತುಂಬಾ ಚೆನ್ನಾಗಿದೆ," ಅಂದರು. ನನ್ನ ಪಿತ್ತ ನೆತ್ತಿಗೇರಿತು.

ಆ ಮಾತನ್ನು ಅವರು ಯಾರಿಗೆ ಹೇಳಲಿಲ್ಲ? ಡೀನ್ ಒಮ್ಮೆ ಬಂದು, ಬಟ್ಟಲನ್ನು ಒಂದೇ ಕೈಯಲ್ಲಿ ಎತ್ತಿ ಗಟಗಟ ಕುಡಿದು, ಸಕ್ಕರೆ ಇದೆಯಾ ಎಂದು ಕೇಳಿದರು. ತುಂಬಾ ಚೆನ್ನಾಗಿದೆ. ಜಿರಳೆಗೆ ಔಷಧಿ ಹೊಡೆಯಲು ಬಂದವನು ಬೂಟು ಬಿಚ್ಚದೆ ಚಾಪೆಯ ತುದಿಯಲ್ಲಿ ಕೂತು ಚಹಾ ಕುಡಿದ. ತುಂಬಾ ಚೆನ್ನಾಗಿದೆ. ಪ್ರಪಂಚದಲ್ಲಿ ಚೆನ್ನಾಗಿಲ್ಲದವಳು ನಾನೊಬ್ಬಳೇ ಎಂದು ಆಯಿತು. ಎಷ್ಟೋ ಸಲ ಬಾಗಿಲು ಬಡಿದು ಎದ್ದು ಹೋಗಿದ್ದೇನೆ. ಸರಿಯುವ ಬಾಗಿಲನ್ನು ಬಡಿಯುವುದು ಸುಲಭವಲ್ಲ, ಅದಕ್ಕೂ ಅಭ್ಯಾಸ ಬೇಕು. ಮುಂದಿನ ಗುರುವಾರ ಮತ್ತೆ ಹೋಗುತ್ತಿದ್ದೆ. ಹೋಗದಿದ್ದರೆ ಅವರು ಗೆದ್ದಂತಾಗುತ್ತದಲ್ಲ.

ಮನೆಯಲ್ಲಿ ಗೊಣಗುವುದಂತೂ ಇದ್ದೇ ಇತ್ತು. ಒಂದು ಸಲ ನನ್ನವರು ಊಟ ಮಾಡುತ್ತಲೇ ಹೇಳಿದರು, "ನಮ್ಮಲ್ಲೂ ಅಷ್ಟೇ. ಕಲಿಯೋ ಲಕ್ಷಣ ಇರೋರಿಗೆ ಮಾತ್ರ ಬೈತೀನಿ. ಇಲ್ದೋರಿಗೆ ಯಾಕೆ ಬೈಬೇಕು? ಚೆನ್ನಾಗಿ ಓಡಿಸ್ತೀರ ಅಂತೀನಿ, ನನ್ನ ಕಡೆ ಇರೋ ಬ್ರೇಕ್ ಮೇಲೆ ಕಾಲಿಟ್ಕೊಂಡು ಕೂತಿರ್ತೀನಿ."

"ನಿಮ್ಮ ಕಾರಿಗೂ ಚಹಾಕ್ಕೂ ಏನ್ರೀ ಸಂಬಂಧ?" ಅಂದೆ.

"ಇಲ್ಲ ಬಿಡು," ಎಂದು ಅವರು ಊಟ ಮುಂದುವರಿಸಿದರು. ಗಂಡ ಅಪರೂಪಕ್ಕೆ ಬುದ್ಧಿವಂತಿಕೆಯ ಮಾತಾಡಿದರೆ ನಾವು ಕಿವಿಗೆ ಹಾಕಿಕೊಳ್ಳುವುದಿಲ್ಲ, ಅಭ್ಯಾಸವಿಲ್ಲದ್ದರಿಂದ.

ಸಭೆಯ ದಿನ ವಿಶ್ವವಿದ್ಯಾಲಯದ ಸಭಾಂಗಣ ಭರ್ತಿಯಾಗಿತ್ತು. ಬದುಕಿದ್ದಾಗ ಪಂಪಿನ ಪಕ್ಕ ಇದ್ದವರು ಸತ್ತ ಮೇಲೆ ಮೂರು ಮಹಡಿ ಹತ್ತಿ ಬಂದಿದ್ದರು. ವೇದಿಕೆಯ ಹಿಂದೆ ಮೇಷ್ಟ್ರ ಆಳೆತ್ತರದ ಚಿತ್ರ. ಅದರಲ್ಲಿ ಅವರು ಕಣ್ಣು ಮುಚ್ಚಿದ್ದರು. ಧ್ಯಾನದ ಭಂಗಿ ಎಂದು ಕೆಳಗೆ ಬರೆದಿದ್ದರು. ಆ ಚಿತ್ರ ತೆಗೆದಾಗ ನಾನು ಅಲ್ಲೇ ಇದ್ದೆ. ಮೇಷ್ಟ್ರು ಸೀನಲು ಹೊರಟಿದ್ದರು.

ವೇದಿಕೆಯ ಮೇಲೆ ಹಸಿರು ಪ್ಲಾಸ್ಟಿಕ್ಕಿನ ಹುಲ್ಲುಹಾಸು, ಅದರ ಮೇಲೆ ಮೌನಿ, ಅವನ ಮೇಲೆ ಹೊಸ ರೇಷ್ಮೆಯ ನಿಲುವಂಗಿ, ಬಲಗಡೆಯ ಅಂಚು ಮೇಲೆ. ಒಟ್ಟಿನಲ್ಲಿ ಸಂದರ್ಭಕ್ಕೆ ತಕ್ಕ ಉಡುಪು.

ಮುಖ್ಯ ಅತಿಥಿ ಮೇಷ್ಟ್ರ ಮಗಳು. ಅವಳಿಗಾಗಿ ಮೌನಿ ಹೂ ಸುತ್ತಿದ ಕುರ್ಚಿ ಹಾಕಿಸಿದ್ದ. ಮೆಲ್ಲಗೆ ತೇಲಿ ಬರುವ ಕಲಾಮೂರ್ತಿಯೊಬ್ಬಳು ಅವನ ಮನಸ್ಸಿನಲ್ಲಿದ್ದಳೇನೋ. ಬಂದವಳು ನಡುವಯಸ್ಸಿನ ಹೆಂಗಸು. ಕಂದು ಬಣ್ಣದ ರೇನ್‌ಕೋಟು ತೊಟ್ಟು, ಗಾಲಿ ಚೀಲವನ್ನು ಕಡಕಡ ಎಳೆದುಕೊಂಡು, ಮೂಗು ಒರೆಸಿಕೊಳ್ಳುತ್ತಾ ಒಳಗೆ ಬಂದಳು. ಅವಳ ಕೆಲಸ ಕಟ್ಟಡಗಳ ಲಿಫ್ಟುಗಳನ್ನು ಪರೀಕ್ಷೆ ಮಾಡುವುದಂತೆ. ಚಿಕ್ಕವಳಿದ್ದಾಗ ಇಲ್ಲಿ ಶಾಲೆಗೆ ಹೋಗಿದ್ದವಳು, ನಮ್ಮ ಭಾಷೆ ಮರೆತಿರಲಿಲ್ಲ, ಆದರೆ ಅದು ಅವಳ ಜೊತೆ ಬೆಳೆದೂ ಇರಲಿಲ್ಲ. ಅಷ್ಟು ದೊಡ್ಡ ಹೆಂಗಸು ಮೈಕಿನ ಮುಂದೆ ನಿಂತು, "ಎಲ್ರಿಗೂ ನಮಸ್ಕಾರ. ನಂಗೆ ಶೀತ ಆಗಿದೆ. ನೀವೆಲ್ಲ ಬಂದಿದ್ದು ನಂಗೆ ಖುಷಿ," ಎಂದು ಮೂರನೆಯ ಕ್ಲಾಸಿನ ಹುಡುಗಿಯಂತೆ ಹೇಳಿ ಕೂತುಬಿಟ್ಟಳು. ಇಡೀ ಸಭೆಯಲ್ಲಿ ಅಳತೆಯಲ್ಲಿದ್ದ ಭಾಷಣ ಅದೊಂದೇ.

ಆಮೇಲೆ ಶಿಷ್ಯರು ಶುರುವಿಟ್ಟುಕೊಂಡರು. ನನ್ನ ಹೂಜೋಡಣೆ ನೋಡಿ ತುಂಬಾ ಚೆನ್ನಾಗಿದೆ ಅಂದರು ಎಂದು ಒಬ್ಬಳು ಕಣ್ಣೊರೆಸಿಕೊಂಡಳು. ನನ್ನ ಬರವಣಿಗೆ ನೋಡಿ ತುಂಬಾ ಚೆನ್ನಾಗಿದೆ ಅಂದರು ಎಂದು ಇನ್ನೊಬ್ಬ ಎದೆಯುಬ್ಬಿಸಿದ. ಮೇಷ್ಟ್ರ ಬಾಯಿಂದ ಆ ಒಂದು ಮಾತು ಬಿಟ್ಟು ಬೇರೆ ಬಂದೇ ಇರಲಿಲ್ಲವೇನೋ ಅನ್ನಿಸುವ ಹಾಗಿತ್ತು. ಮೌನಿ ತನ್ನ ಪಾಲಿನ ಮೂರು ನಿಮಿಷವನ್ನು ಮೊದಲ ಪೀಠಿಕೆಗೇ ಖರ್ಚು ಮಾಡಿ, ಆಮೇಲೆ ಮೇಷ್ಟ್ರ ಮಗಳಿಗೆಂದು ವೇದಿಕೆಯ ಮೇಲೆಯೇ ಚಹಾ ಮಾಡಿದ. ಪುಡಿ ಚೆಲ್ಲಿದ. ಕಡೆಗೋಲನ್ನು ಬಟ್ಟೆ ಒಗೆಯುವವರಂತೆ ತಿಕ್ಕಿದ. ಬಟ್ಟಲಿನ ಚಿತ್ತಾರವಿರುವ ಮುಂಭಾಗ ಅತಿಥಿಯ ಕಡೆ ಇರಬೇಕು ಎಂಬುದನ್ನು ಮರೆತು ತಿರುಗಾಮುರುಗಾ ಮಾಡಿ ಕೊಟ್ಟ. ಅವಳು ಕುಡಿದಳು. ಬಟ್ಟಲನ್ನು ಕೆಳಗಿಟ್ಟು, ನೆಲ ಮುಟ್ಟುವಷ್ಟು ಬಾಗಿ, "ತುಂಬಾ ಚೆನ್ನಾಗಿದೆ," ಅಂದಳು.

ಅದೇ ದನಿ. ಅದೇ ಬಾಗು. ಜಿರಳೆ ಔಷಧಿಯವನಿಗೆ ಮೇಷ್ಟ್ರು ಅಂದದ್ದು ಹೀಗೇ, ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಪಕ್ಕಕ್ಕೆ ತಿರುಗಿದರೆ, ನನ್ನವರು ಬಲಗಾಲನ್ನು ನೆಲಕ್ಕೆ ಗಟ್ಟಿಯಾಗಿ ಒತ್ತಿ ಕೂತಿದ್ದಾರೆ.

"ಯಾಕ್ರೀ, ಕಾಲು ನೋವಾ?" ಅಂತ ಪಿಸುಗುಟ್ಟಿದೆ.

"ಇಲ್ಲ. ಬ್ರೇಕು," ಅಂದರು.

ಆ ಹೊತ್ತಿಗೆ ಸರಿಯಾಗಿ ನನ್ನನ್ನು ಕರೆದರು. ಮೌನಿ ಮೈಕು ಕೊಡುವಾಗ, "ಏನಾದ್ರೂ ಹೇಳ್ಬಿಡಿ, ಯಾರೂ ಪರೀಕ್ಷೆ ಮಾಡಲ್ಲ," ಅಂದ. ದಾರಿಯುದ್ದಕ್ಕೂ ಒಂದು ಒಳ್ಳೆಯ ಸುಳ್ಳು ಹೊಸೆದುಕೊಂಡು ಬಂದಿದ್ದೆ. ಅದನ್ನು ಬಿಟ್ಟುಬಿಟ್ಟೆ.

"ಮೇಷ್ಟ್ರು ನನ್ನನ್ನ ಒಂದು ಸಲಾನೂ ಹೊಗಳಲಿಲ್ಲ," ಅಂದೆ. "ಮೊದಲನೇ ದಿನ ಮೊಣಕೈ ಅಂದ್ರು. ಆಮೇಲೆ ಎಲ್ಲಾ ದಿನಾನೂ ಮೊಣಕೈ ಅಂದ್ರು. ಆಸ್ಪತ್ರೆಲಿ ಮಲಗಿದಾಗ ನೋಡೋಕೆ ಹೋಗಿದ್ದೆ. ಬಾಯಾರಿತ್ತು ಅವರಿಗೆ. ಜಗ್ಗಿಂದ ಪ್ಲಾಸ್ಟಿಕ್ ಲೋಟಕ್ಕೆ ನೀರು ಹಾಕಿದೆ. ಕಣ್ಣು ಬಿಟ್ಟು ನೋಡಿದ್ರು. ಏನಾದ್ರೂ ಒಳ್ಳೆ ಮಾತು ಹೇಳ್ತಾರೇನೋ ಅಂತ ಬಗ್ಗಿದೆ. ಮೊಣಕೈ ಅಂದ್ರು. ಮತ್ತೆ ಅನ್ನೋಕೆ ಅವರಿಗೆ ಶಕ್ತಿ ಇರಲಿಲ್ಲ. ನಾನೇ ನೀರನ್ನ ಜಗ್ಗಿಗೆ ವಾಪಸ್ ಹಾಕಿ ಮತ್ತೆ ಸುರಿದೆ. ಇಷ್ಟೇ ಇರೋದು ನನ್ನ ಹತ್ರ."

ಚಪ್ಪಾಳೆ ಬರಲಿಲ್ಲ. ಸತ್ತವರ ಸಭೆಯಲ್ಲಿ ಇವಳೇನು ಹೀಗೆ ಎಂದು ಜನ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಡೀನ್ ಗಡಿಯಾರ ನೋಡಿಕೊಂಡರು. ಇಳಿದು ಹೋಗಬೇಕು ಅನ್ನುವಷ್ಟರಲ್ಲಿ ಹೂವಿನ ಕುರ್ಚಿ ಕಿರುಗುಟ್ಟಿತು. ಮಗಳು ಎದ್ದು ನಿಂತಿದ್ದಳು, ಕರವಸ್ತ್ರ ಕೈಯಲ್ಲೇ ಇತ್ತು.

"ಮೊಣಕೈ ನೀವಾ?" ಅಂದಳು.

ಹೌದು ಎಂದು ತಲೆಯಾಡಿಸಿದೆ.

"ಅಪ್ಪ ವಾರ ವಾರ ಫೋನ್ ಮಾಡೋರು," ಅಂದಳು, ಒಂದೊಂದೇ ಮಾತನ್ನು ಹುಡುಕಿ ಹುಡುಕಿ ತೆಗೆಯುತ್ತಾ. "ಮೊದ್ಲು ಬಿಸಿಲು ಮಳೆ ಹೇಳೋರು. ಆಮೇಲೆ ಮೊಣಕೈ. ಇವತ್ತು ಮೊಣಕೈ ಹೀಗೆ ಮಾಡ್ತು. ಮೊಣಕೈಗೆ ಕೋಪ ಬಂತು. ಮೊಣಕೈ ಬಾಗಿಲು ಬಡಿದು ಹೋಯ್ತು. ಮೊಣಕೈ ಮತ್ತೆ ಬಂತು. ಅಮ್ಮ ಕೇಳೋರು, ಬೇರೆ ವಿದ್ಯಾರ್ಥಿಗಳು ಇಲ್ವಾ ಅಂತ. ಅಪ್ಪ ಹೇಳೋರು, ಇಲ್ಲ, ಬೇರೆಯೋರೆಲ್ಲ ಅತಿಥಿಗಳು."

ಮೌನಿಯ ಮುಖದ ನಗು ಒಂದು ಕ್ಷಣ ಗೊಂದಲಕ್ಕೆ ಬಿದ್ದು, ಕೂಡಲೇ ಮೊದಲಿಗಿಂತ ಅಗಲವಾಯಿತು. ನನ್ನ ಕೈಯಿಂದ ಮೈಕು ತೆಗೆದುಕೊಂಡು, "ನೋಡಿದ್ರಾ, ಎಂಥಾ ದೊಡ್ಡ ಮನುಷ್ಯರು. ನಮ್ಮನ್ನೆಲ್ಲ ಅತಿಥಿಗಳ ಥರ ನೋಡ್ಕೊಳ್ತಿದ್ರು," ಅಂದ. ಜನಕ್ಕೆ ಜೀವ ಬಂತು. ಜೋರು ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ನಡುವೆಯೇ ಡೀನ್ ಎದ್ದು, ನೆಲಮಾಳಿಗೆಯ ಕೋಣೆ ಇನ್ನು ಮುಂದೆ ಮೌನಿಯ ಉಸ್ತುವಾರಿಯಲ್ಲಿ ಶಾಂತಿ ಕೇಂದ್ರವಾಗುತ್ತದೆ ಎಂದು ಘೋಷಿಸಿದರು. ಮಗಳು ಅದಕ್ಕೂ ಬಾಗಿದಳು. ಅದಕ್ಕೂ ತುಂಬಾ ಚೆನ್ನಾಗಿದೆ ಅಂದಳು.

ಎಲ್ಲರೂ ಬಿಸ್ಕತ್ತಿನ ಮೇಜಿಗೆ ಮುಗಿಬಿದ್ದಾಗ ಅವಳು ನನ್ನ ತೋಳು ಮುಟ್ಟಿ, "ಕೆಳಗೆ ಹೋಗೋಣ," ಅಂದಳು. ಮೆಟ್ಟಿಲು ಇಳಿಯುವಾಗ ನಾನೇ ಅವಳ ಗಾಲಿ ಚೀಲ ಹಿಡಿದುಕೊಂಡೆ. ಲಿಫ್ಟಿತ್ತು. ಅವಳು ಅದರ ಬಾಗಿಲು ಮುಚ್ಚುವುದನ್ನು ಒಂದು ಸಲ ನೋಡಿ, ಬೇಡ ಅಂದಿದ್ದಳು.

ಕೋಣೆ ಹಾಗೇ ಇತ್ತು. ಗೂಡಿನಲ್ಲಿ ಹೂವಿರಲಿಲ್ಲ. ನಾನು ಕೆಟಲಿಗೆ ನೀರು ತುಂಬಿ ಕಾಯಲಿಟ್ಟೆ. ಅವಳು ರೇನ್‌ಕೋಟು ಬಿಚ್ಚಿ ಮಡಿಸಿಟ್ಟು, ಚಾಪೆಯ ಅಂಚು ತುಳಿಯದೆ ನಡೆದು ಬಂದು, ಮೇಷ್ಟ್ರು ಕೂರುತ್ತಿದ್ದ ಜಾಗದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಲಿಫ್ಟಿನವಳಲ್ಲಿ ಆ ಬೆನ್ನು ಎಲ್ಲಿಂದ ಬಂತು ಎಂದು ಕೇಳಬೇಕಾಗಿರಲಿಲ್ಲ.

"ನಂಗೆ ನಿಮ್ ಮೇಲೆ ತುಂಬಾ ಕೋಪ ಇತ್ತು," ಅಂದಳು. "ಚಿಕ್ಕೋಳಿದ್ದಾಗಿಂದ. ಅಮ್ಮ ಪ್ರತಿ ವರ್ಷ ಕೇಳೋರು, ಈ ವರ್ಷ ಬರ್ತೀರಾ ಅಂತ. ಅಪ್ಪ ಹೇಳೋರು, ಮೊಣಕೈ ಇನ್ನೂ ಇಳಿದಿಲ್ಲ, ಮುಂದಿನ ವರ್ಷ."

ಮೇಷ್ಟ್ರು ಯಾಕೆ ಹೋಗಲಿಲ್ಲ ಅನ್ನುವುದಕ್ಕೆ ಈ ಊರು ಎಷ್ಟು ಕಾರಣ ಕಟ್ಟಿತ್ತು. ಸಾಲ ಅಂದರು, ಜಗಳ ಅಂದರು, ಇಲ್ಲಿನ ಆಕಾಶದ ಮೇಲೆ ಮೋಹ ಅಂತಲೂ ಮೌನಿ ಸ್ಮರಣ ಸಂಚಿಕೆಯಲ್ಲಿ ಬರೆದಿದ್ದ. ಒಂದು ಮನೆಯ ಊಟದ ಮೇಜಿನಲ್ಲಿ ವರ್ಷ ವರ್ಷ ಖಾಲಿ ಉಳಿದ ಕುರ್ಚಿಗೆ ನನ್ನ ಈ ಹಾಳು ಮೊಣಕೈ ಕಾರಣ ಎಂದು ನಾನು ಹೇಗೆ ಊಹಿಸಲಿ? ನಾಚಿಕೆಯಾಯಿತು. ಅದರ ಹಿಂದೆಯೇ ಸಂತೋಷವೂ ಆಯಿತು. ಸಂತೋಷವಾದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

"ನೋಡ್ಬೇಕು ಅಂತ ಬಂದೆ," ಅಂದಳು ಅವಳು. "ಮಾಡಿ."

ರೇಷ್ಮೆ ಚೌಕ ಮಡಿಸಿದೆ. ಚಹಾ ಪುಡಿಯ ಡಬ್ಬಿ ಒರೆಸಿದೆ, ಬಿದಿರಿನ ಚಮಚ ಒರೆಸಿದೆ. ಬಟ್ಟಲು ಬೆಚ್ಚಗೆ ಮಾಡಿ ನೀರು ಚೆಲ್ಲಿದೆ. ಪುಡಿ ಹಾಕಿದೆ. ಸೌಟು ಎತ್ತುವಾಗ ಎರಡೂ ಕಂಕುಳಲ್ಲಿ ಮೊಟ್ಟೆ ಇದ್ದ ಹಾಗೇ ಅನ್ನಿಸಿತು, ಈ ಸಲ ಅಂದುಕೊಳ್ಳಬೇಕಾಗಲಿಲ್ಲ. ನೀರು ಸುರಿದೆ. ಪಕ್ಕದಲ್ಲಿ ಪಂಪು ಶುರುವಾಯಿತು. ನನ್ನ ಹುಬ್ಬು ಅಲುಗಲಿಲ್ಲ. ನೊರೆ ಬರುವಷ್ಟು ಕಡೆದು, ಬಟ್ಟಲಿನ ಮುಂಭಾಗವನ್ನು ಅವಳ ಕಡೆ ತಿರುಗಿಸಿ ಇಟ್ಟೆ.

ಅವಳು ಎರಡೂ ಕೈಯಲ್ಲಿ ಎತ್ತಿಕೊಂಡು, ಬಟ್ಟಲು ತಿರುಗಿಸಿ, ಕೊನೆಯ ಗುಟುಕನ್ನು ಅವರ ಕ್ರಮದಂತೆ ಸದ್ದು ಬರುವ ಹಾಗೆ ಎಳೆದು ಕುಡಿದಳು. ಅಂಚನ್ನು ಬೆರಳಿನಿಂದ ಒರೆಸಿದಳು. ಬಟ್ಟಲನ್ನು ಕೆಳಗಿಟ್ಟಳು. ಆಮೇಲೆ ಎರಡೂ ಕೈಯನ್ನು ಚಾಪೆಯ ಮೇಲೆ ಊರಿದಳು, ಬಾಗುವವರು ಊರುವ ಹಾಗೆ.

ಎಷ್ಟು ವರ್ಷ ಒಂದು ಮಾತಿಗಾಗಿ ಹಲ್ಲು ಕಚ್ಚಿ ಕಾದಿದ್ದೆನೋ, ಆ ಮಾತು ಈಗ ಈ ಹೆಂಗಸಿನ ನಾಲಿಗೆಯ ತುದಿಯಲ್ಲಿ ಇರಬಹುದು. ಅದನ್ನು ಮಾತ್ರ ಅನ್ನಬೇಡ ತಾಯಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಇನ್ನೇನಾದರೂ ಅನ್ನು, ಬೈ, ಬಟ್ಟಲು ಎತ್ತಿ ಒಗೆ, ನಿಮ್ಮಪ್ಪನನ್ನು ಕಿತ್ತುಕೊಂಡವಳು ಅನ್ನು. ಚೆನ್ನಾಗಿದೆ ಅಂತ ಮಾತ್ರ ಅನ್ನಬೇಡ.

ಅವಳು ಬಾಗಲಿಲ್ಲ. ಶೀತದಿಂದ ಕೆಂಪಾದ ಮೂಗನ್ನು ಒರೆಸಿಕೊಂಡು, ನನ್ನ ಬಲಗೈಯನ್ನು ಸ್ವಲ್ಪ ಹೊತ್ತು ದಿಟ್ಟಿಸಿದಳು, ಕೆಟ್ಟ ಲಿಫ್ಟನ್ನು ನೋಡುವಂತೆ.

"ಮೊಣಕೈ," ಅಂದಳು.

ನನಗೆ ಅಳು ಬಂತು. ಬಿಕ್ಕಿ ಬಿಕ್ಕಿ ಅತ್ತೆ, ಮೇಷ್ಟ್ರು ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ. ಅವಳು ಸಮಾಧಾನ ಮಾಡಲಿಲ್ಲ, ಅತಿಥಿಗಳಿಗಾದರೆ ಮಾಡುತ್ತಿದ್ದಳೇನೋ. ನಾನು ಮೂಗು ಒರೆಸಿಕೊಳ್ಳುವವರೆಗೆ ಕಾದು, ಆಮೇಲೆ ಬಟ್ಟಲನ್ನು ನನ್ನ ಕಡೆ ತಳ್ಳಿದಳು.

"ಮತ್ತೆ," ಅಂದಳು.